ವಲಸೆಯ ಮಕ್ಕಳೂ ಶಾಲೆಯ ಹೊರಗಿನ ವಿದ್ಯೆಯೂ

ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದವರೆಂದು ಪರಂಪರೆಯು ಹೇಳುವ ಮೋಳಿಗೆಯ ಮಾರಯ್ಯನವರು ಕಟ್ಟಿಗೆಯ ಹೊರೆ ಮಾರುವ ಕಾಯಕವನ್ನು ಕೈಕೊಂಡು ಕನ್ನಡದಲ್ಲಿ ವಚನಗಳನ್ನು ರಚಿಸಿದರು. ಅವರಿಗೆ ಕನ್ನಡ ಕಲಿಸಿದ ಶಾಲೆ ಯಾವುದು? ಕಟ್ಟಿಗೆ ಕೊಂಡವರ ಅಂಗಳ, ಶರಣರ ಗೋಷ್ಠಿ, ದಾಸೋಹದ ಪಂಕ್ತಿ ಇವೇ ಅವರ ಪಾಠಶಾಲೆಗಳಾಗಿದ್ದಿರಬೇಕು. ಹೊರಗಿನಿಂದ ಬಂದವರು ಒಳಗಿನವರಾಗುವುದು ಹಾಜರಿ ಪುಸ್ತಕದಲ್ಲಿ ಹೆಸರು ಬರೆದ ಮಾತ್ರದಿಂದಲ್ಲ ಎಂಬ ತಥ್ಯವು ಇದರಲ್ಲಿ ಅಡಗಿದೆ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಮಳೆಯನ್ನೇ ನಂಬಿದ ತೊಗರಿ, ಜೋಳದ ಹೊಲಗಳು ವರ್ಷವಿಡೀ ಕೆಲಸ ಕೊಡಲಾರವು. ಆದುದರಿಂದ ಹಳ್ಳಿ, ತಾಂಡಾಗಳ ಅನೇಕ ಕುಟುಂಬಗಳು ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರುಗಳಿಗೆ ಗುಳೆ ಹೋಗುತ್ತವೆ. ಮಕ್ಕಳೂ ಬೆನ್ನಿಗೆ ಹೊರಡುತ್ತಾರೆ. ಇತ್ತ ಕಬ್ಬಿನ ಹೊಲಗಳಿಗೆ ಮರಾಠಿ, ಲಂಬಾಣಿ ಮಾತನಾಡುವ ಕೂಲಿಕಾರರ ಟೋಳಿಗಳು ಬಂದಿಳಿಯುತ್ತವೆ. ಕಬ್ಬಿನ ಹಂಗಾಮು ದೀಪಾವಳಿಯ ಸುಮಾರಿಗೆ ಆರಂಭವಾಗಿ ಯುಗಾದಿಯ ಹೊತ್ತಿಗೆ ಮುಗಿಯುತ್ತದೆ. ಶಾಲೆಯ ವರ್ಷವಾದರೋ ಜೂನಿನಲ್ಲಿ ತೊಡಗುತ್ತದೆ. ಈ ಎರಡು ಪಂಚಾಂಗಗಳ ನಡುವೆ ಸಿಲುಕಿದ ಮಗುವು ಎಲ್ಲಿಯೂ ಒಂದು ತರಗತಿಯನ್ನು ಪೂರ್ಣವಾಗಿ ಕಾಣುವುದಿಲ್ಲ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ವಯಸ್ಸಿಗೆ ತಕ್ಕ ತರಗತಿಯಲ್ಲಿ ಪ್ರವೇಶವನ್ನೂ, ಹಿಂದುಳಿದವರಿಗೆ ವಿಶೇಷ ತರಬೇತಿಯನ್ನೂ ವಿಧಿಸಿದೆ. ಇದು ಶ್ಲಾಘನೀಯವೇ ಸರಿ. ಆದರೆ ಬಾಗಿಲು ತೆರೆದುದರಿಂದಲೇ ಗೆಳೆತನ ದೊರೆಯದು. ಪುಣೆಯಿಂದ ಮರಳಿದ ಮಗುವು ಹಿಂದಿ, ಮರಾಠಿಗಳನ್ನು ನಿರರ್ಗಳವಾಗಿ ಆಡಬಲ್ಲುದು. ಕನ್ನಡದ ಒತ್ತಕ್ಷರವನ್ನು ಮಾತ್ರ ಮರೆತಿರುತ್ತದೆ. ಮೂರು ಭಾಷೆ ಬಲ್ಲ ಅಂಥ ಮಗುವನ್ನು ದಡ್ಡನೆಂದು ಹಿಂದಿನ ಸಾಲಿಗೆ ಕಳುಹಿಸಿದರೆ, ದೋಷವಿರುವುದು ಮಗುವಿನಲ್ಲಲ್ಲ, ಅಳತೆಗೋಲಿನಲ್ಲಿ.

ಶಾಲೆಯ ಹೊರಗಿನ ವಿದ್ಯೆ ಈ ನಾಡಿಗೆ ಹೊಸದಲ್ಲ. 1948ರವರೆಗೆ, ನಿಜಾಮರ ಆಳ್ವಿಕೆಯಲ್ಲಿ, ಉರ್ದುವೇ ಶಿಕ್ಷಣದ ಪ್ರಧಾನ ಭಾಷೆಯಾಗಿದ್ದಾಗ ಕನ್ನಡವನ್ನು ಉಳಿಸಿದವು ಮಠದ ಪುರಾಣ, ಊರಿನ ಭಜನೆ, ಐಗಳ ಶಾಲೆಗಳು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ವಿದ್ಯಾಗಮ ಯೋಜನೆಯು ಗುಡಿಯ ಕಟ್ಟೆ, ಮರದ ನೆರಳುಗಳನ್ನೇ ತರಗತಿಗಳನ್ನಾಗಿಸಿತು. ಅದೇ ವರ್ಷದ ನವೆಂಬರಿನಲ್ಲಿ ತೊಡಗಿದ ‘ಓದುವ ಬೆಳಕು’ ಕಾರ್ಯಕ್ರಮವು ಗ್ರಾಮ ಪಂಚಾಯತಿಯ ಗ್ರಂಥಾಲಯಗಳಿಗೆ ಮಕ್ಕಳನ್ನು ಉಚಿತವಾಗಿ ಸೇರಿಸಿಕೊಂಡಿತು. ಆ ಬಾಗಿಲಿನೊಳಗೆ ಟೋಳಿಯ ಮಗುವನ್ನು ಕೈಹಿಡಿದು ಕರೆದೊಯ್ಯುವವರು ಬೇಕಾಗಿದ್ದಾರೆ.

ನಾಲ್ಕು ತಿಂಗಳಲ್ಲಿ ಹೊರಟುಹೋಗುವ ಮಕ್ಕಳಿಗಾಗಿ ವೆಚ್ಚವೇಕೆ ಎಂದು ಕೇಳುವವರುಂಟು. ಬಿಟ್ಟುಹೋಗುವುದು ಊರನ್ನೇ ಹೊರತು ಕಲಿತ ಅಕ್ಷರವನ್ನಲ್ಲ ಎಂಬುದೇ ಅದಕ್ಕೆ ಉತ್ತರ. ದಾನಿಗಳು ಕೊಠಡಿ ಕಟ್ಟಿಸುತ್ತಾರೆ. ಗೋಡೆಯ ಮೇಲೆ ಹೆಸರಿನ ಶಿಲೆಯೂ ನಿಲ್ಲುತ್ತದೆ. ಕಬ್ಬಿನ ರವದಿಯ ಗುಡಿಸಲಿಗೆ ಅಂಥ ಗೋಡೆಯಿಲ್ಲ. ಆದರೂ ಕಟ್ಟಡ ನಿಧಿಯ ಒಂದು ಪಾಲು ಅತ್ತ ಹರಿಯಬೇಕು. ನಿವೃತ್ತ ಶಿಕ್ಷಕರು, ಮರಾಠಿ ಅಥವಾ ಲಂಬಾಣಿ ಬಲ್ಲ ಹಳೆಯ ವಿದ್ಯಾರ್ಥಿಗಳು ಸಂಜೆ ಎರಡು ತಾಸು ಗುಡಿಸಲುಗಳ ಬಳಿ ಕಥೆ, ಲೆಕ್ಕ, ಓದು ನಡೆಸಲಿ. ಆದಿತ್ಯವಾರದ ಆಟಗಳಿಗೆ ಊರಿನ ಮಕ್ಕಳನ್ನೂ ಕೂಡಿಸಲಿ; ಏಕೆಂದರೆ ಪರಭಾಷೆಯ ಮೊದಲ ನೂರು ಶಬ್ದಗಳು ಆಟದಲ್ಲಿಯೇ ಬರುತ್ತವೆ. ಹೊರಡುವ ಮಗುವಿನ ಕೈಗೆ, ತಾನು ಎಲ್ಲಿಯವರೆಗೆ ಕಲಿತಿದೆಯೆಂದು ಬರೆದ ಚಿಕ್ಕ ಪುಸ್ತಕವನ್ನು ಕೊಡಲಿ. ಪುಣೆ, ಮುಂಬಯಿಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಅಲ್ಲಿಗೆ ಬಂದ ಈ ಸೀಮೆಯ ಮಕ್ಕಳನ್ನು ಹಾಗೆಯೇ ಬರಮಾಡಿಕೊಳ್ಳಲಿ.

ದಾಸೋಹದ ಪಂಕ್ತಿಯಲ್ಲಿ ಕುಳಿತವರನ್ನು ಯಾವ ಊರಿನವರು, ಎಷ್ಟು ದಿನ ಇರುವಿರಿ ಎಂದು ಯಾರೂ ಕೇಳುವುದಿಲ್ಲ. ಅಕ್ಷರ ದಾಸೋಹವೆಂಬ ಮಾತು ಸಾರ್ಥಕವಾಗಬೇಕಾದರೆ ಅದೇ ನಿಯಮವು ಅಲ್ಲಿಯೂ ಸಲ್ಲಬೇಕು.