ಮರದ ತೊಟ್ಟಿಗೆ ಬಾಯಾರಿಕೆ ಜಾಸ್ತಿ

ಮರದ ಹಾಟ್ ಟಬ್ ಕಿಟ್ ಬಿಚ್ಚಿದವರು ಮೊದಲು ಹುಡುಕೋದು ಅಂಟಿನ ಡಬ್ಬಿ. ಅದು ಇರಲ್ಲ. ಮೊಳೆನೂ ಇರಲ್ಲ. ಸೀಡರ್ ಮರದ ಉದ್ದುದ್ದ ಹಲಗೆಗಳು, ಜೋಡಿಸಿದರೆ ದುಂಡಗಾಗೋ ಹಾಗೆ ಕತ್ತರಿಸಿಟ್ಟ ತಳದ ಹಲಗೆಗಳು, ಕೆಳಗಿಡೋಕೆ ಮೂರ್ನಾಲ್ಕು ತೊಲೆ, ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿಗಳು, ಅವನ್ನು ಬಿಗಿ ಮಾಡೋಕೆ ಬೋಲ್ಟು-ನಟ್ಟು. ಇಷ್ಟೇ. ಇದರೊಳಗೆ 1,600 ಲೀಟರ್ ಬಿಸಿನೀರು ನಿಲ್ಲುತ್ತೆ ಅಂದ್ರೆ ಯಾರಿಗಾದರೂ ಅನುಮಾನ ಬರುತ್ತೆ.

ನೀರನ್ನ ನಿಲ್ಲಿಸೋದು ನೀರೇ. ಒಣಗಿದ ಹಲಗೆ ನೀರು ಕುಡಿದು ಉಬ್ಬುತ್ತೆ. ಹೊರಗಿನಿಂದ ಪಟ್ಟಿ ಬಿಗಿದಿರೋದ್ರಿಂದ ಉಬ್ಬೋಕೆ ಜಾಗ ಇಲ್ಲ, ಪಕ್ಕದ ಹಲಗೆಯನ್ನೇ ಒತ್ತುತ್ತೆ. ಆ ಒತ್ತಡವೇ ಅಂಟು. ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕಿ, ನೀರು ಸುರಿದು ಕುಗ್ಗಿಸೋದನ್ನ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಅಲ್ಲಿ ಕಬ್ಬಿಣ ಕುಗ್ಗಿ ಮರವನ್ನ ಹಿಡಿಯುತ್ತೆ, ಇಲ್ಲಿ ಮರ ಉಬ್ಬಿ ಪಟ್ಟಿಗೆ ಒತ್ತುತ್ತೆ. ಹಾಗಾಗಿ ಮರದ ಟಬ್ ಬಗ್ಗೆ ಏನೇ ಕೇಳಿದರೂ ಉತ್ತರ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತೆ: ಅದನ್ನ ಒಣಗೋಕೆ ಬಿಡಬಾರದು. ಫ್ರಿಜ್ ಥರ ತಂದು, ಪ್ಲಗ್ ಹಾಕಿ ಮರೆಯೋ ವಸ್ತು ಅಲ್ಲ ಇದು. ಹಸು ಕಟ್ಟಿಕೊಂಡ ಹಾಗೆ.

ನಾನಿರೋ ಸಿಯಾಟಲ್ ಸುತ್ತಮುತ್ತ ಈ ಟಬ್‌ಗಳು ಹೊಸದೇನಲ್ಲ. ವೆಸ್ಟರ್ನ್ ರೆಡ್ ಸೀಡರ್ ಇಲ್ಲಿನದೇ ಮರ. ಅದರೊಳಗಿನ ಎಣ್ಣೆಯಂಥ ಅಂಶಗಳೇ ಅದನ್ನ ಕೊಳೆಯದ ಹಾಗೆ ಕಾಯ್ತವೆ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಕಡೆಯವರು ಹಳೇ ವೈನ್ ಪೀಪಾಯಿಗಳಲ್ಲಿ ಬಿಸಿನೀರು ತುಂಬಿಸಿಕೊಂಡು ಕೂರೋಕೆ ಶುರು ಮಾಡಿದರು, ಅಲ್ಲಿಂದ ಇದು ಹಿತ್ತಲ ಹಿತ್ತಲಿಗೂ ಹಬ್ಬಿತು. ಜಪಾನಿನವರು ಹಿನೋಕಿ ಮರದ ತೊಟ್ಟಿಯಲ್ಲಿ ಕೂತಿದ್ದು ಅದಕ್ಕೂ ಎಷ್ಟೋ ಹಿಂದಿನಿಂದ. ಆರು ತಿಂಗಳು ಮಳೆ ಸುರಿಯೋ ಊರು ಇದು. ನಮ್ಮಂಥ ಮಲೆನಾಡಿನವರಿಗೆ ಮಳೆ, ಹೊಗೆ, ಬಿಸಿನೀರು ಮೂರೂ ಒಟ್ಟಿಗೆ ಸಿಕ್ಕರೆ ಬಚ್ಚಲುಮನೆ ಹಂಡೆ ನೆನಪಾಗದೇ ಇರುತ್ತಾ? ಟಬ್ ತಂದಿದ್ದಕ್ಕೆ ಮುಕ್ಕಾಲು ಪಾಲು ಕಾರಣ ಅದೇ.

ಆದರೆ ಆಸೆಗಿಂತ ಮೊದಲು ಭಾರದ ಲೆಕ್ಕ ಹಾಕಬೇಕು. ಐದಡಿ ಅಗಲ, ನಾಲ್ಕಡಿ ಎತ್ತರದ ಟಬ್ಬಿನಲ್ಲಿ ನೀರೇ 1,600 ಕೆಜಿ. ಮರ, ಪಟ್ಟಿ ಸೇರಿ ಇನ್ನೂರು ಕೆಜಿ ಹತ್ತಿರ. ನಾಲ್ಕು ಜನ ಕೂತರೆ ಎರಡು ಟನ್ ದಾಟುತ್ತೆ. ಅಂದ್ರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಟನ್ನಿಗೂ ಜಾಸ್ತಿ. ಬೆಂಗಳೂರಲ್ಲಿರೋ ಗೆಳೆಯರು ಫೋಟೋ ನೋಡಿ "ನಮ್ಮ ಟೆರೇಸ್ ಮೇಲೂ ಒಂದು ಇಡಬಹುದಲ್ವಾ?" ಅಂತ ಮೆಸೇಜ್ ಹಾಕ್ತಾರೆ. ಭಾರತದ ಕಟ್ಟಡ ಸಂಹಿತೆ ಐಎಸ್ 875ರ ಪ್ರಕಾರ ಮನೆಯ ಕೋಣೆಗಳ ನೆಲವನ್ನ ಲೆಕ್ಕ ಹಾಕೋದು ಚದರ ಮೀಟರಿಗೆ ಸುಮಾರು 200 ಕೆಜಿ ಭಾರಕ್ಕೆ. ಜನ ಓಡಾಡೋ ತಾರಸಿಗೆ ಇನ್ನೂ ಕಡಿಮೆ, 150. ನೀವು ಇಡೋಕೆ ಹೊರಟಿರೋದು ಅದರ ಏಳು ಪಟ್ಟು. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ, ಕಾಗದದಲ್ಲಿ ಬರೆದುಕೊಡದ ಹೊರತು ತಾರಸಿ, ಬಾಲ್ಕನಿ ಎರಡನ್ನೂ ಮರೆತುಬಿಡಿ. ಇಲ್ಲಿನ ಮರದ ಡೆಕ್‌ಗಳ ಕಥೆನೂ ಅಷ್ಟೇ, ಪಾರ್ಟಿಗೆ ಸಾಕು, ಟಬ್ಬಿಗೆ ಸಾಲದು. ನೆಲದ ಮೇಲೆ, ಮಟ್ಟ ಸರಿಯಾಗಿ ನೋಡಿ ಹಾಕಿದ ಕಾಂಕ್ರೀಟ್ ಸ್ಲ್ಯಾಬ್ ಒಂದೇ ನೆಮ್ಮದಿ.

ಜೋಡಿಸೋ ಕೆಲಸ ಇಬ್ಬರಿಗೆ ಒಂದು ದಿನದ್ದು. ಮೊದಲು ತೊಲೆಗಳು, ಅವುಗಳ ಮೇಲೆ ತಳದ ಹಲಗೆ. ಆಮೇಲೆ ಗೋಡೆ ಹಲಗೆಗಳನ್ನ ಒಂದೊಂದಾಗಿ ನಿಲ್ಲಿಸ್ತಾ ಹೋಗೋದು. ಪ್ರತಿ ಹಲಗೆಯ ಕೆಳತುದಿಗಿಂತ ಸ್ವಲ್ಪ ಮೇಲೆ ಒಂದು ಗ್ರೂವ್ ಕೊರೆದಿರುತ್ತೆ, ತಳದ ಅಂಚು ಅದರೊಳಗೆ ಕೂರಬೇಕು. ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಕೂರುತ್ತೆ. ಎರಡು ವಿಷಯ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಗೋಡೆ ಹಲಗೆಗಳ ಸಂದಿ, ತಳದ ಹಲಗೆಗಳ ಸಂದಿಗೆ ನೇರ ಬರಬಾರದು, ಬಂದರೆ ಅಲ್ಲೇ ಸೋರೋದು. ಮತ್ತೆ, ಗೋಡೆ ಹಲಗೆಗಳ ಕೆಳತುದಿ ನೆಲಕ್ಕೆ ತಾಗಬಾರದು. ಭಾರ ಎಲ್ಲ ತಳದಿಂದ ತೊಲೆಗೆ, ತೊಲೆಯಿಂದ ಸ್ಲ್ಯಾಬಿಗೆ ಇಳಿಯಬೇಕು. ಗೋಡೆ ಭಾರ ಹೊತ್ತರೆ ತಳ ಗ್ರೂವ್‌ನಿಂದ ಕಿತ್ಕೊಳ್ಳುತ್ತೆ. ಕೊನೇ ಹಲಗೆ ಯಾವಾಗಲೂ ಸ್ವಲ್ಪ ದಪ್ಪ ಇದ್ದ ಹಾಗೆ ಕಾಣುತ್ತೆ. ಉಜ್ಜಬೇಕಾಗಿ ಬಂದರೆ ಮಾಸ್ಕ್ ಹಾಕಿಕೊಂಡೇ ಉಜ್ಜಿ, ಈ ಸೀಡರ್ ಪುಡಿ ಕೆಲವರಿಗೆ ಆಸ್ತಮಾ ತರಿಸುತ್ತೆ.

ಪಟ್ಟಿ ಬಿಗಿಯೋವಾಗ ಒಂದನ್ನೇ ಹಿಡಿದು ಕೊನೇವರೆಗೂ ತಿರುಗಿಸಬೇಡಿ. ಕೆಳಗಿನದು ಸ್ವಲ್ಪ, ಮಧ್ಯದ್ದು ಸ್ವಲ್ಪ, ಮೇಲಿನದು ಸ್ವಲ್ಪ, ಮತ್ತೆ ಕೆಳಗಿನದು. ನಡುನಡುವೆ ಸುತ್ತಲೂ ಹಲಗೆಗಳನ್ನ ತಟ್ಟುತ್ತಾ ಇರಿ.

ಇನ್ನು ನೀರು ತುಂಬಿಸೋ ದಿನ. ಇದರ ಬಗ್ಗೆ ಯಾರೂ ಸರಿಯಾಗಿ ಹೇಳಿರಲ್ಲ, ಹಾಗಾಗಿ ಬಿಡಿಸಿ ಹೇಳ್ತೀನಿ. ಪೈಪ್ ಬಿಟ್ಟ ಕೂಡಲೇ ಟಬ್ ಸೋರುತ್ತೆ. ಒಂದೆರಡು ಕಡೆ ಅಲ್ಲ, ಸುತ್ತಲೂ. ತಳದಿಂದ ಸಣ್ಣ ಧಾರೆಯಾಗಿ, ಗೋಡೆಯಿಂದ ಬೆವರಿನ ಥರ. ನಮ್ಮಪ್ಪ ಆಗಷ್ಟೇ ತೀರ್ಥಹಳ್ಳಿಯಿಂದ ಬಂದಿದ್ದರು. ಕಿಟಕಿಯಿಂದ ನೋಡಿ, "ಎಂತ ಮಾರಾಯ ಇದು, ಜರಡಿಗೆ ನೀರು ಹೊಯ್ತಿದೀಯಾ?" ಅಂದರು. ಈ ಹಂತದಲ್ಲಿ ಜನ ಓಡಿಹೋಗಿ ಸಿಲಿಕೋನ್ ತಂದು ಸಂದಿಗೆ ತುಂಬಿಸ್ತಾರೆ. ತುಂಬಿಸಬಾರದು. ಸಿಲಿಕೋನ್ ಹೋದ ಕಡೆ ಮರಕ್ಕೆ ಮರ ತಾಗೋದಿಲ್ಲ, ಆಮೇಲೆ ಅದು ಕಾಯಂ ಸೋರಿಕೆ. ಪೈಪನ್ನ ಸಣ್ಣಗೆ ಬಿಟ್ಟು, ನೀರಿನ ಮಟ್ಟ ಇಳಿಯದ ಹಾಗೆ ನೋಡಿಕೊಂಡು ಕಾಯೋದೇ ಕೆಲಸ. ಎರಡು ಮೂರು ದಿನಕ್ಕೆ ಧಾರೆ ಹನಿಯಾಗುತ್ತೆ, ಹನಿ ಪಸೆಯಾಗುತ್ತೆ. ಕೆಲವಕ್ಕೆ ಒಂದು ವಾರವೂ ಬೇಕು. ಹಟ ಮಾಡೋ ಸಂದಿಯ ಹತ್ತಿರ ಒಳಗಿನಿಂದ ಒಂದು ಹಿಡಿ ನುಣುಪಾದ ಮರದ ಹೊಟ್ಟು ಬಿಟ್ಟರೆ, ಹೊರಗೆ ಹರಿಯೋ ನೀರೇ ಅದನ್ನ ಎಳೆದುಕೊಂಡು ಹೋಗಿ ಸಂದಿಯಲ್ಲಿ ಕೂರಿಸುತ್ತೆ. ಪೀಪಾಯಿ ಮಾಡೋರ ಹಳೇ ಉಪಾಯ ಅದು.

ಮೊದಲ ನೀರು ಚಹಾ ಬಣ್ಣಕ್ಕೆ ತಿರುಗುತ್ತೆ. ಮರದ ಟ್ಯಾನಿನ್ ಅದು, ಗಾಬರಿ ಬೇಡ. ಆ ನೀರು ಚೆಲ್ಲಿ, ಕೂಡಲೇ ಹೊಸದು ತುಂಬಿಸಿ.

ನಮ್ಮದು ಸೌದೆ ಒಲೆಯ ಟಬ್. ಅಲ್ಯೂಮಿನಿಯಂ ಒಲೆ ನೀರಿನೊಳಗೇ ಮುಳುಗಿ ಕೂತಿರುತ್ತೆ, ಬಾಯಿ ಮಾತ್ರ ಮೇಲೆ. ಜನ ಒಲೆಗೆ ತಾಗದ ಹಾಗೆ ನಡುವೆ ಮರದ ಬೇಲಿ. 15 ಡಿಗ್ರಿಯ ನೀರನ್ನ 39ಕ್ಕೆ ತರೋಕೆ ಒಣಗಿದ ಸೌದೆ ಇಪ್ಪತ್ತು ಕೆಜಿ ಹತ್ತಿರ ಬೇಕು, ಸುಮಾರು ಮೂರು ಗಂಟೆ. ಅದೇ ಕೆಲಸಕ್ಕೆ ಕರೆಂಟಾದರೆ 45 ಯೂನಿಟ್, ಐದೂವರೆ ಕಿಲೋವ್ಯಾಟ್ ಹೀಟರಿಗೆ ಎಂಟು ಗಂಟೆ. ಕರೆಂಟಿನದು ತಗೊಳ್ಳೋರು ಕೆಲಸವನ್ನ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಕರೆಂಟ್ ಸೋರಿದ ಕೂಡಲೇ ಲೈನ್ ಕಟ್ ಮಾಡೋ ಬ್ರೇಕರ್, ನಮ್ಮಲ್ಲಿ ಆರ್‌ಸಿಸಿಬಿ ಅಂತೀವಲ್ಲ, ಅದು ಇರಲೇಬೇಕು. ಸೌದೆಯವರಿಗೆ ಇರೋ ನಿಯಮ ಇನ್ನೊಂದು: ಒಲೆ ಮುಳುಗೋವಷ್ಟು ನೀರು ಇಲ್ಲದೆ ಕಡ್ಡಿ ಗೀರಬೇಡಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತೆ, ಒಲೆಯ ಬೆಂಕಿಗೆ ಅದೇನು ದೂರ ಅಲ್ಲ. ಗಾಳಿಯಲ್ಲಿ ಹೊಗೆ ಹೆಚ್ಚಿರೋ ದಿನಗಳಲ್ಲಿ ಇಲ್ಲಿ ಸೌದೆ ಉರಿಸೋದಕ್ಕೇ ನಿಷೇಧ ಹಾಕ್ತಾರೆ, ಅವತ್ತು ಸುಮ್ಮನಿರಬೇಕು.

ಅಪ್ಪನ ಅನುಮಾನ ಒಲೆ ಹೊತ್ತಿಸಿದ ದಿನ ಅರ್ಧ ಕರಗಿತು. ಇನ್ನರ್ಧ ಶನಿವಾರ ಎದ್ದು ನಿಂತಿತು. ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ಸೀಗೆಪುಡಿ ಬಟ್ಟಲು ಹಿಡಿದು ಟಬ್ಬಿನ ಕಡೆ ಹೊರಟಿದ್ದರು. "ಅಪ್ಪ, ಎಣ್ಣೆ ಮೈಯಲ್ಲಿ ಇದಕ್ಕೆ ಇಳಿಯೋ ಹಾಗಿಲ್ಲ. ಒಳಗೆ ಸ್ನಾನ ಮುಗಿಸಿಕೊಂಡು ಬನ್ನಿ" ಅಂದೆ. "ಸ್ನಾನ ಮಾಡಿ ಬಂದು ಮತ್ತೆ ಸ್ನಾನವಾ?" "ಇದು ಸ್ನಾನ ಅಲ್ಲಪ್ಪ, ಕೂರೋದು ಅಷ್ಟೇ." ಒಂದು ನಿಮಿಷ ಯೋಚಿಸಿ, "ಎಲ್ಲರೂ ಒಂದೇ ನೀರಲ್ಲಾ?" ಅಂದರು. ಪ್ರಶ್ನೆ ಸರಿಯಾಗೇ ಇತ್ತು. ನಮ್ಮದು ಚೆಂಬಿನಲ್ಲಿ ಮೈಮೇಲೆ ಹೊಯ್ದು ಹರಿದುಹೋಗೋ ನೀರಿನ ಸ್ನಾನ. ಇಲ್ಲಿ ನೀರು ವಾರಗಟ್ಟಲೆ ಅಲ್ಲೇ ಇರುತ್ತೆ. ಕಲ್ಯಾಣಿಗೆ ಇಳಿಯೋವಾಗ ಈ ಪ್ರಶ್ನೆ ಯಾಕೆ ಬರಲ್ಲ ಅಂತ ನಾನೂ ಕೇಳಬಹುದಿತ್ತು, ಕೇಳಲಿಲ್ಲ. ಜಪಾನಿನ ಮನೆಗಳಲ್ಲಿ ಇಡೀ ಸಂಸಾರ ಒಂದೇ ತೊಟ್ಟಿ ನೀರು ಬಳಸುತ್ತೆ. ಅದಕ್ಕೇ ಅಲ್ಲಿ ಮೈ ತೊಳೆದೇ ಇಳಿಯೋದು ಕಡ್ಡಾಯ.

ಎಣ್ಣೆ, ಸೋಪು, ಬಾಡಿ ಲೋಷನ್ ಏನೇ ಬಿದ್ದರೂ ಮೊದಲು ಫಿಲ್ಟರ್ ಕಟ್ಟಿಕೊಳ್ಳುತ್ತೆ, ಆಮೇಲೆ ನೊರೆ. ಜೊತೆಗೆ, ರೋಗಾಣು ಕೊಲ್ಲೋಕೆ ಹಾಕಿದ ಕ್ಲೋರಿನ್ ಈ ಕೊಳೆಯ ಮೇಲೇ ಖರ್ಚಾಗಿ ಹೋಗುತ್ತೆ. ತಮಾಷೆ ವಿಷಯ ಅಲ್ಲ. ಲೆಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯೋದು 25ರಿಂದ 45 ಡಿಗ್ರಿ ನೀರಿನಲ್ಲಿ, ನಮ್ಮ ಟಬ್ ಸರಿಯಾಗಿ ಅದರ ನಡುವೆ ಇದೆ. ಹಬೆಯ ಜೊತೆ ಹನಿ ಶ್ವಾಸಕ್ಕೆ ಹೋದರೆ ನ್ಯುಮೋನಿಯಾ ಬರಬಹುದು, ವಯಸ್ಸಾದವರಿಗೆ ಅಪಾಯ ಇನ್ನೂ ಜಾಸ್ತಿ. ಅದಕ್ಕೆ ಟೆಸ್ಟ್ ಸ್ಟ್ರಿಪ್ ಅದ್ದಿ ನೋಡದೆ ನಮ್ಮನೇಲಿ ಯಾರೂ ಇಳಿಯಲ್ಲ. ಕ್ಲೋರಿನ್ ಕನಿಷ್ಠ 3 ಪಿಪಿಎಂ, ಪಿಎಚ್ 7.2ರಿಂದ 7.8. ಹಾಗಂತ "ಇನ್ನೊಂದು ಚಮಚ ಇರಲಿ" ಅಂತ ಸುರಿದರೆ ಮರ ಹಾಳು. ಕ್ಲೋರಿನ್ ಮರದ ಲಿಗ್ನಿನ್ ತಿನ್ನುತ್ತೆ, ಹಲಗೆಯ ಮೇಲೆ ಹತ್ತಿಯ ಹಾಗೆ ಜುಂಗು ಏಳುತ್ತೆ. ಪ್ಲಾಸ್ಟಿಕ್ ಟಬ್‌ನವರಿಗೆ ಈ ತಲೆನೋವಿಲ್ಲ. ಮರದವರು ಮೇಲೆ ಕೆಳಗೆ ಎರಡೂ ಕಡೆ ನೋಡಬೇಕು.

ಪಂಪು, ಫಿಲ್ಟರ್ ಇದ್ದರೆ ಮೂರ್ನಾಲ್ಕು ತಿಂಗಳಿಗೊಮ್ಮೆ ನೀರು ಬದಲಾಯಿಸಿದರೆ ಸಾಕು, ಜನ ಹೆಚ್ಚು ಕೂತರೆ ಇನ್ನೂ ಬೇಗ. ಖಾಲಿ ಮಾಡಿದ ದಿನವೇ ಮೆತ್ತಗಿನ ಬ್ರಷ್‌ನಲ್ಲಿ ಬರೀ ನೀರು ಹಾಕಿ ಉಜ್ಜಿ, ಸಂಜೆಯೊಳಗೆ ತುಂಬಿಸಬೇಕು. "ನಾಳೆ ನೋಡೋಣ" ಅಂತ ಬಿಸಿಲಲ್ಲಿ ಬಿಟ್ಟರೆ ಮತ್ತೆ ಜರಡಿ. ಒಳಗೆ ವಾರ್ನಿಷ್, ಎಣ್ಣೆ ಏನೂ ಬೇಡ. ಹೊರಗೆ ಬೇಕಾದರೆ ಎಣ್ಣೆ ಹಚ್ಚಿ. ನಾನು ಹಚ್ಚಿಲ್ಲ, ಬೂದು ಬಣ್ಣಕ್ಕೆ ತಿರುಗಿದ ಸೀಡರ್ ನನಗೆ ಹಾಗೇ ಇಷ್ಟ. ತೊಲೆಗಳ ನಡುವೆ ಎಲೆ ಕಸ ಸೇರದ ಹಾಗೆ ಗುಡಿಸಿ, ತಳಕ್ಕೆ ಗಾಳಿ ಆಡಬೇಕು. ವರ್ಷಕ್ಕೊಮ್ಮೆ ಚಾಕುವಿನ ತುದಿಯಿಂದ ಕೆಳಗಿನ ಹಲಗೆಗಳನ್ನ ಚುಚ್ಚಿ ನೋಡಿ. ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಆ ಹಲಗೆ ಮುಗೀತು ಅಂತ ಅರ್ಥ.

ಮಕ್ಕಳ ವಿಷಯ ಬೇರೆಯಾಗೇ ಹೇಳಬೇಕು. ಅಮೆರಿಕದಲ್ಲಿ 2002ರಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಹಾಟ್ ಟಬ್ಬಿನ ತಳದ ಡ್ರೇನ್ ಎಳೆತಕ್ಕೆ ಸಿಕ್ಕಿ ಮುಳುಗಿ ತೀರಿಕೊಂಡಳು. ಅವಳ ಹೆಸರಿನಲ್ಲೇ, ವರ್ಜಿನಿಯಾ ಗ್ರೇಮ್ ಬೇಕರ್ ಕಾಯ್ದೆ ಅಂತ, 2007ರಲ್ಲಿ ಕಾನೂನು ಬಂತು. ಉಬ್ಬಿದ, ಒಂದೇ ಮೈಯಿಂದ ಪೂರ್ತಿ ಮುಚ್ಚಿಹೋಗದಂಥ ಡ್ರೇನ್ ಕವರ್‌ಗಳ ಬಳಕೆ ಹೆಚ್ಚಾಗಿದ್ದು ಅದರ ನಂತರ. ಹಳೇ ಟಬ್ ಅಗ್ಗಕ್ಕೆ ಸಿಕ್ತು ಅಂತ ತಗೊಳ್ಳೋರು ಮೊದಲು ಬಗ್ಗಿ ನೋಡಬೇಕಾದ್ದು ಆ ಕವರನ್ನ. ಮುಚ್ಚಳಕ್ಕೆ ಬೀಗ ಇರಲಿ. ನೀರು 40 ಡಿಗ್ರಿ ದಾಟಬಾರದು, ಸೌದೆ ಒಲೆಗೆ ತಾನಾಗೇ ನಿಲ್ಲೋ ಬುದ್ಧಿ ಇಲ್ಲ, ಥರ್ಮಾಮೀಟರ್ ನಾವೇ ನೋಡಬೇಕು. ಹತ್ತು ಹದಿನೈದು ನಿಮಿಷ ಕೂತು ಏಳಿ. ಗರ್ಭಿಣಿಯರು, ಬಿಪಿ ಅಥವಾ ಹೃದಯದ ತೊಂದರೆ ಇರೋರು ಡಾಕ್ಟರನ್ನ ಕೇಳದೆ ಇಳಿಯಬೇಡಿ. ಬಿಯರ್ ಹಿಡಿದು ಕೂರೋ ಫೋಟೋಗಳು ಚೆನ್ನಾಗಿರ್ತವೆ, ಕುಡಿದು ಬಿಸಿನೀರಲ್ಲಿ ನಿದ್ದೆಗೆ ಜಾರೋದು ಚೆನ್ನಾಗಿರಲ್ಲ.

ಅಪ್ಪ ಆರು ತಿಂಗಳು ಇದ್ದರು. ಎರಡನೇ ತಿಂಗಳಿಂದ ಸೌದೆ, ಒಲೆ, ಸ್ಟ್ರಿಪ್ ಎಲ್ಲ ಅವರದೇ ಉಸ್ತುವಾರಿ. ಸ್ಟ್ರಿಪ್‌ನ ಬಣ್ಣ ಕನ್ನಡಕ ಏರಿಸಿ ನೋಡಿ, "ಇವತ್ತು ಬೇಡ" ಅಂದರೆ ನಾವ್ಯಾರೂ ಇಳಿಯೋ ಹಾಗಿರಲಿಲ್ಲ.

ಇನ್ನು ರಜಕ್ಕೆ ಒಂದು ತಿಂಗಳು ಊರಿಗೆ ಹೋಗೋವಾಗ ಏನು ಮಾಡೋದು ಅನ್ನೋದು ನಮ್ಮಂಥವರ ದೊಡ್ಡ ಪ್ರಶ್ನೆ. ಖಾಲಿ ಮಾಡಿ ಹೋಗಬೇಡಿ. ಹೊಸ ನೀರು ತುಂಬಿಸಿ, ತಣ್ಣಗೇ ಇರಲಿ, ಪಂಪನ್ನ ಟೈಮರಿಗೆ ಹಾಕಿ, ಮುಚ್ಚಳ ಹಾಕಿ. ವಾರಕ್ಕೆ ಎರಡು ಸಲ ಯಾರಾದರೂ ಬಂದು ಸ್ಟ್ರಿಪ್ ನೋಡಿ, ಅಳತೆಯ ಕ್ಲೋರಿನ್ ಹಾಕಿ, ಇಳಿದಷ್ಟು ನೀರು ಬಿಡಬೇಕು. ನಮಗೆ ಪಕ್ಕದ ಮನೆಯ ಅಜ್ಜಿ ಮಾಡಿಕೊಡ್ತಾರೆ. ಮುಚ್ಚಳದ ಬೀಗದ ಕೈ ಅವರ ಹತ್ತಿರ, ಫ್ರಿಜ್ಜಿನ ಮೇಲೆ ಚೀಟಿ, ಬರುವಾಗ ಅವರಿಗೆ ಅರ್ಧ ಕೆಜಿ ಮೈಸೂರು ಪಾಕ್.