ಉಸಿರಿನ ಟೆಸ್ಟಿಗೂ ಕನ್ನಡ ಬೇಕ್ರೀ

ನಾವು ಅಕ್ಕಲಕೋಟ ಕಡೆಯವರು. ಹೋದ ತಿಂಗಳು ನಮ್ಮ ಕಾಕಾನ್ನ ಸೊಲ್ಲಾಪುರದ ಒಂದು ಆಸ್ಪತ್ರೆಗೆ ಕರಕೊಂಡು ಹೋಗಿದ್ವಿ. ಮೂವತ್ತು ವರ್ಷ ಬೀಡಿ ಸೇದಿದ ಎದೆ. ನಾಲ್ಕು ಮೆಟ್ಟಿಲು ಹತ್ತಿದ್ರೆ ದಮ್ಮು. ಡಾಕ್ಟರು ಸ್ಪೈರೋಮೆಟ್ರಿ ಬರೆದ್ರು. ಮೂಗಿಗೆ ಕ್ಲಿಪ್ ಹಾಕಿ, ಬಾಯಲ್ಲಿ ಪೈಪ್ ಇಟ್ಟು ಯಂತ್ರದೊಳಗೆ ಊದಿಸೋ ಟೆಸ್ಟು.

ಕಾಕಾಗೆ ಬಜಾರಿನ ಮರಾಠಿ ಬರ್ತದೆ. ಆದ್ರೆ ದಮ್ಮು ಕಟ್ಟಿ ಊದೋವಾಗ ಟೆಕ್ನಿಷಿಯನ್ "ಥಾಂಬೂ ನಕಾ" ಅಂತ ಕೂಗಿದ್ರು. ನಿಲ್ಲಿಸಬೇಡಿ ಅಂತ ಅದರ ಅರ್ಥ. ಕಾಕಾನ ಕಿವಿಗೆ ಬಿದ್ದದ್ದು "ಥಾಂಬೂ" ಅಷ್ಟೇ. ಪಾಪ, ನಿಲ್ಲಿಸಿಬಿಟ್ರು. ಮೂರು ಸಲನೂ ಅದೇ ಕಥೆ.

"ಎಲೆಕ್ಟ್ರಾನಿಕ್ ಯಂತ್ರ ಅಲ್ವಾ, ಅದಕ್ಕೆಂಥ ಭಾಷೆ?" ಅಂತ ನೀವು ಕೇಳಬಹುದು. ಬಿಪಿ ನೋಡೋವಾಗ ಸುಮ್ಮನೆ ಕೂತ್ರೆ ಸಾಕು. ಇದು ಹಾಗಲ್ಲ. ಇಲ್ಲಿ ರೋಗಿ ಹೇಗೆ ಊದ್ತಾನೋ ಹಾಗೆ ರಿಪೋರ್ಟು.

ಬ್ಯಾಂಕಿನಲ್ಲಿ ಕೂತು ಲೆಕ್ಕ ನೋಡೋ ನಮಗೆ ಇದು ಬೇಗ ತಲೆಗೆ ಹತ್ತಿತು. ಯಂತ್ರ ಮುಖ್ಯವಾಗಿ ಎರಡು ಅಂಕಿ ಕೊಡ್ತದೆ. ಮೊದಲ 1 ಸೆಕೆಂಡಿನಲ್ಲಿ ಹೊರಬಂದ ಗಾಳಿ ಎಷ್ಟು, ಎದೆ ಪೂರ್ತಿ ಖಾಲಿ ಆಗೋವರೆಗೆ ಬಂದ ಒಟ್ಟು ಗಾಳಿ ಎಷ್ಟು. ಮೊದಲನೆಯದನ್ನು ಒಟ್ಟಿನಿಂದ ಭಾಗಿಸ್ತಾರೆ. ಶ್ವಾಸನಾಳ ಸಡಿಲಿಸೋ ಔಷಧ ಕೊಟ್ಟ ಮೇಲೂ ಉತ್ತರ 0.70ಕ್ಕಿಂತ ಕಮ್ಮಿ ಇದ್ರೆ ಡಾಕ್ಟರು ಸಿಒಪಿಡಿ ಕಡೆ ನೋಡ್ತಾರೆ.

ಒಬ್ಬರದ್ದು 1.8 ಲೀಟರು, ಒಟ್ಟು 3 ಲೀಟರು ಅಂತಿಟ್ಟುಕೊಳ್ಳಿ. ಉತ್ತರ 0.60. ರೋಗ ಕಾಣ್ತದೆ. ಅದೇ ಮನುಷ್ಯ ನಡುವೆ ನಿಲ್ಲಿಸಿ ಒಟ್ಟು 2.4 ಲೀಟರು ಮಾತ್ರ ಊದಿದ್ರೆ? 0.75. ರೋಗ ಮಾಯ! ಎದೆ ಅದೇ, ಯಂತ್ರ ಅದೇ. ತಪ್ಪು ವೋಚರ್ ಹಾಕಿದ್ರೆ ಕಂಪ್ಯೂಟರ್ ತಪ್ಪು ಟೋಟಲ್ಲೇ ಕೊಡ್ತದೆ, ಅಷ್ಟೇ.

ಸರಿಯಾಗಿ ಊದಿಲ್ಲ ಅಂತ ಯಂತ್ರ ತೋರಿಸ್ತದೆ. ಹೇಗೆ ಊದಬೇಕು ಅಂತ ಕಾಕಾಗೆ ತಿಳಿಸೋಕೆ ಮನುಷ್ಯರೇ ಬೇಕು. ನಮ್ಮ ಪುಣ್ಯ, ಡಾಕ್ಟರು ಗ್ರಾಫ್ ನೋಡಿ "ಇನ್ನೊಮ್ಮೆ ಊದಿಸಿ" ಅಂದ್ರು. ಈ ಸಲ ನಾವು ಕೇಳಿಕೊಂಡು ಪಕ್ಕದಲ್ಲೇ ನಿಂತ್ವಿ. "ಊದ್ರಿ ಕಾಕಾ, ಊದ್ರಿ, ಇನ್ನಾ ಊದ್ರಿ, ಬಿಡಬ್ಯಾಡ್ರಿ!" ಕಾಕಾ ಪೂರ್ತಿ ಊದಿದ್ರು. ಅಂಕಿ ಬದಲಾಯ್ತು, ಔಷಧ ಶುರುವಾಯ್ತು.

ಟೆಕ್ನಿಷಿಯನ್ ಮೇಲೆ ನಮಗೆ ಸಿಟ್ಟಿಲ್ಲ, ಅವರು ತಮ್ಮ ಭಾಷೆಯಲ್ಲಿ ತಮ್ಮ ಕೆಲಸ ಮಾಡಿದ್ರು. ಆದ್ರೆ ನಾವು? ಶಾಲೆ, ಬೋರ್ಡು, ಅರ್ಜಿ ಅಂತ ಹೋರಾಡ್ತೀವಿ. ಆಸ್ಪತ್ರೆಯ ಮಾತನ್ನು ಲೆಕ್ಕಕ್ಕೇ ತಗೊಂಡಿಲ್ಲ. ಸೊಲ್ಲಾಪುರದ ಮಗ್ಗ, ಆದೋನಿಯ ಹತ್ತಿ ಮಿಲ್ಲು, ಎಲ್ಲೆಡೆ ಒಲೆ ಹೊಗೆ. ನಮ್ಮವರ ಎದೆಗೂ ಧೂಳು, ಹೊಗೆ ಹೋಗ್ತಾನೇ ಇದೆ. ಕಾಸರಗೋಡಾಗಲಿ, ತಾಳವಾಡಿಯಾಗಲಿ, ಊದಿಸೋರ ಮಾತು ಹಿರಿಯರಿಗೆ ಅರ್ಥ ಆಗಲೇಬೇಕು.

ದೊಡ್ಡ ಕೆಲಸ ಏನಲ್ಲ. ಈ ನಾಲ್ಕು ಸಾಲು ನಿಮ್ಮೂರಿನ ಕನ್ನಡದಲ್ಲೇ ರೆಕಾರ್ಡ್ ಮಾಡಿ, ಹತ್ತಿರದ ಆಸ್ಪತ್ರೆಯ ಟೆಕ್ನಿಷಿಯನ್ ಫೋನಿಗೆ ಹಾಕಿಕೊಡಿ:

ಎದೆ ತುಂಬಾ ಗಾಳಿ ಎಳ್ಕೊಳ್ರಿ.
ಪೈಪ್ ಸುತ್ತ ತುಟಿ ಬಿಗಿ ಹಿಡೀರಿ, ಗಾಳಿ ಸೋರಬಾರದು.
ಒಮ್ಮೆಲೇ ಜೋರಾಗಿ ಊದ್ರಿ.
ಪೂರ್ತಿ ಖಾಲಿ ಆಗೋತನಕ ಬಿಡಬ್ಯಾಡ್ರಿ.

ಅದೂ ಆಗದಿದ್ರೆ, ಮನೆಯ ಹಿರಿಯರ ಜೊತೆ ಒಂದು ದಿನ ರಜೆ ಹಾಕಿ ಹೋಗಿ. ಪಕ್ಕದಲ್ಲಿ ನಿಂತು ನೀವೇ ಹೇಳಿ.