ಸಿಕ್ಕಿದ್ದೆಲ್ಲಾ ಪಳೆಯುಳಿಕೆ ಅಲ್ರೀ...

ಗದಗ, ಮುಂಡರಗಿ, ಶಿರಹಟ್ಟಿ ಕಡೆ ಗುಡ್ಡ ಹತ್ತುವ ಹುಡುಗರಿಗೆ ಒಂದು ಚಟ. ವಿಚಿತ್ರ ಆಕಾರದ ಕಲ್ಲು ಕಂಡರೆ ಸಾಕು, ಎತ್ತಿ ಚೀಲಕ್ಕೆ ಹಾಕೋದು. ಆಮೇಲೆ ಫೋಟೋ ಕಳಿಸಿ, "ಅಣ್ಣಾ, ಇದು ಡೈನೋಸಾರ್ ಎಲುಬು ಏನ ಮತ್ತ?" ಅಂತ ಕೇಳೋದು. ನಾನು ಓದಿದ್ದು ಎಂಜಿನಿಯರಿಂಗು, ಹೊಟ್ಟೆಪಾಡಿಗೆ ಸಾಫ್ಟ್‌ವೇರು. ಆದರೂ ನಾನು ಕೇಳೋದು ಒಂದೇ ಪ್ರಶ್ನೆ: "ಎಲ್ಲಿ ಸಿಕ್ತಪಾ?" ಉತ್ತರ: "ನೆನಪಿಲ್ಲ ಬಿಡಣ್ಣಾ."

ಅಲ್ಲಿಗೆ ಕಥೆ ಮುಗೀತು. ಏಕೆಂದರೆ ಪಳೆಯುಳಿಕೆ ಗುರುತಿಸುವಾಗ ಆಕಾರಕ್ಕಿಂತ ಜಾಗ ಮುಖ್ಯ ಅನ್ನೋದು ನನ್ನ ವಾದ.

ಸುಣ್ಣಕಲ್ಲಿನ ಗವಿಯನ್ನೇ ತಗೊಳ್ಳಿ. ಗೋಡೆಯ ಕಲ್ಲಿನೊಳಗೆ ಹುದುಗಿದ್ದರೆ ಅದು ಆ ಕಲ್ಲಿನಷ್ಟೇ ಹಳೆಯದು. ನೆಲದ ಮಣ್ಣಿನಲ್ಲಿ ಹೂತ ಎಲುಬಾದರೆ ಅದರ ವಯಸ್ಸು ಬೇರೆಯೇ. ಕಲ್ಲಿಗಿಂತ ಎಷ್ಟೋ ಚಿಕ್ಕದು. ಇನ್ನು ಮೂರನೆಯದು, ಜೀವವೇ ಇಲ್ಲದ ಮೋಸಗಾರ. ತೊಟ್ಟಿಕ್ಕುವ ನೀರಿನ ಸುಣ್ಣ ಗಟ್ಟಿಯಾಗಿ ಹಲ್ಲು, ಬೆರಳು, ಹೆಡೆ ಎಲ್ಲಾ ಆಗುತ್ತೆ. ಸುಣ್ಣಕಲ್ಲೇ ಆಗಬೇಕೆಂದಿಲ್ಲ, ಕಲ್ಲಿನ ಸಂದಿಯಲ್ಲಿ ಮ್ಯಾಂಗನೀಸ್ ಹರಡಿದರೆ ಥೇಟ್ ಜರೀಗಿಡ!

ನಮ್ಮ ಕಪ್ಪತಗುಡ್ಡದ ಧಾರವಾಡ ಶಿಲೆಗಳು ಸುಮಾರು 250 ಕೋಟಿ ವರ್ಷಕ್ಕಿಂತ ಹಳೆಯವು. ಎಲುಬಿರುವ ಪ್ರಾಣಿಗಳು ಬಂದದ್ದು ಕಳೆದ 50-55 ಕೋಟಿ ವರ್ಷಗಳಲ್ಲಿ. ಹಾಗಾಗಿ ಆ ಕಲ್ಲಿನೊಳಗೆ ಎಲುಬು ಹುಡುಕೋದು ವ್ಯರ್ಥ. ಈ ಶಿಲೆಗಳಲ್ಲಿ ಕರ್ನಾಟಕದ ಕೆಲವೆಡೆ ಸಿಕ್ಕಿರೋದು ಸ್ಟ್ರೊಮಾಟೊಲೈಟ್. ಅಂದರೆ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳು.

ಹಾಗಂತ ಗವಿಗಳಲ್ಲಿ ಏನೂ ಸಿಗಲ್ಲ ಅಂತಲ್ಲ. 'ಧಾರವಾಡ' ಶಿಲೆಗಳಿಗೆ ಆ ಹೆಸರು ಕೊಟ್ಟ ರಾಬರ್ಟ್ ಬ್ರೂಸ್ ಫೂಟ್, 1880ರ ದಶಕದಲ್ಲಿ ಅಂದಿನ ಕರ್ನೂಲು ಜಿಲ್ಲೆಯ ಬಿಲ್ಲಸುರ್ಗಂ ಸುಣ್ಣಕಲ್ಲಿನ ಗವಿಗಳನ್ನು ಮಗನ ಜೊತೆ ಅಗೆಸಿದರು. ನೆಲದ ಮಣ್ಣಿನಲ್ಲಿ ರಾಶಿ ಎಲುಬು! ಅವನ್ನು ಪರೀಕ್ಷಿಸಿದ ಲಿಡೆಕ್ಕರ್ 1886ರಲ್ಲಿ ಪಟ್ಟಿ ಮಾಡಿದ ಪ್ರಾಣಿಗಳಲ್ಲಿ ಘೇಂಡಾಮೃಗವೂ ಇತ್ತು. ಎಲುಬುಗಳು ಮಣ್ಣಿನ ಯಾವ ಪದರದಲ್ಲಿದ್ದವು ಅನ್ನೋ ಲೆಕ್ಕ ಇದ್ದದ್ದರಿಂದಲೇ ಅವುಗಳಿಗೆ ಬೆಲೆ.

ಈಗ ಉಲ್ಟಾ ಕಥೆ ಕೇಳಿ. 2020ರಲ್ಲಿ ಮಧ್ಯಪ್ರದೇಶದ ಭೀಮಬೇಟ್ಕಾ ಗುಹೆಯ ಛಾವಣಿಯಲ್ಲಿ ಎಲೆಯಂಥ ಗುರುತೊಂದು ಭೂವಿಜ್ಞಾನಿಗಳ ಕಣ್ಣಿಗೆ ಬಿತ್ತು. ಅಲ್ಲಿನದು ಮರಳುಗಲ್ಲು, ಆದರೆ ಪಾಠ ಎಲ್ಲಾ ಗವಿಗೂ ಒಂದೇ. ಅದು ಸುಮಾರು 55 ಕೋಟಿ ವರ್ಷ ಹಿಂದಿನ 'ಡಿಕಿನ್ಸೋನಿಯಾ' ಎಂಬ ಜೀವಿ ಅಂತ ಪ್ರಬಂಧ ಬಂತು, ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯೂ ಆಯ್ತು. 2022ರ ಕೊನೆಗೆ ಫ್ಲಾರಿಡಾ ವಿಶ್ವವಿದ್ಯಾಲಯದ ಜೋಸೆಫ್ ಮೀರ್ಟ್ ತಂಡ ಅದೇ ಜಾಗಕ್ಕೆ ಹೋಗಿ ನೋಡಿದರೆ, ಅದು ಕಲ್ಲಿನಿಂದ ಕಳಚಿ ಬೀಳ್ತಾ ಇತ್ತು. ಏನದು? ಹಳೇ ಜೇನುಗೂಡಿನ ಕಲೆ! ಮೊದಲು ಬರೆದ ರೆಟಲ್ಯಾಕ್ ಕೂಡ ಒಪ್ಪಿಕೊಂಡರು.

ನಗಬೇಡಿ. ನನಗೆ ಇಲ್ಲಿ ಕಾಣೋದು ಅವಮಾನ ಅಲ್ಲ, ವಿಜ್ಞಾನ. ಆ ಗುರುತನ್ನು ಯಾರೂ ಕೆತ್ತಿ ಒಯ್ದಿರಲಿಲ್ಲ. ಅಲ್ಲೇ ಬಿಟ್ಟಿದ್ದರಿಂದಲೇ ಇನ್ನೊಬ್ಬರು ಹೋಗಿ ಪರೀಕ್ಷೆ ಮಾಡೋಕೆ ಆಯ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಮತ್ತೆ ಮರುಕಳಿಸಿ ನೋಡಲಾಗದ ಬಗ್ ಅನ್ನು ಯಾರೂ ಸರಿಮಾಡೋಕಾಗಲ್ಲ.

ಹಾಗಾಗಿ ಗವಿಯಲ್ಲಿ ಏನಾದರೂ ಕಂಡರೆ ಕೈ ಹಚ್ಚಬೇಡಿ. ಪಕ್ಕಕ್ಕೆ ಒಂದು ನಾಣ್ಯ ಇಟ್ಟು ಹತ್ತಿರದಿಂದ, ದೂರದಿಂದ ಫೋಟೋ ತೆಗೀರಿ. ಗೋಡೆಯೋ, ನೆಲವೋ, ಛಾವಣಿಯೋ ಬರೆದುಕೊಳ್ಳಿ. ತೊಳೆಯೋದು, ಆಸಿಡ್ ಹಾಕೋದು ಬೇಡ್ವೇ ಬೇಡ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗ ಇದೆ, ನಮ್ಮೂರಿಂದ ದೂರವೇನಲ್ಲ. ಎಲುಬು ಹೌದೋ ಅಲ್ಲವೋ ಅನ್ನೋದನ್ನ ಬೇಕಾದರೆ ಅವರು ತೆಳು ಪದರ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ.

"ಇದು ಬರೀ ಕಲ್ಲು" ಅಂತ ಅವರು ಹೇಳಿದರೆ ಬೇಜಾರಾಗಬೇಡಿ. 250 ಕೋಟಿ ವರ್ಷದ ಕಲ್ಲು ಬರೀ ಕಲ್ಲು ಹೇಗಾಗುತ್ತೆ, ನೀವೇ ಹೇಳಿ?